ಮೈಲುತುತ್ತ: ಮಳೆಗಾಲಕ್ಕೆ ಮುಂಚಿನ ಪತ್ರಗಳು

ಮೇ ತಿಂಗಳಲ್ಲಿ ಕೊಡಗಿನ ಓದುಗರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ವಸ್ತುವಿನ ಬಗ್ಗೆ. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದು, ಮುಂಗಾರು ಇನ್ನೂ ಇಳಿಯದ ಈ ಕೆಲವು ವಾರಗಳಲ್ಲಿ ಮಡಿಕೇರಿಯಿಂದ ಕುಟ್ಟದವರೆಗೆ ಎಲ್ಲರ ಗೋದಾಮಿನಲ್ಲೂ, ಸುಣ್ಣದೊಂದಿಗೆ ಬೆರೆಸಿ ಶಿಲೀಂಧ್ರ ರೋಗಗಳ ವಿರುದ್ಧ ಗಿಡಗಳಿಗೆ ಸಿಂಪಡಿಸುವ ಮೈಲುತುತ್ತದ ಚೀಲ ಇರುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು, ನಿವೃತ್ತಿಯ ನಂತರ ಮೂರ್ನಾಡಿನ ಬಳಿ ತೋಟ ನೋಡಿಕೊಳ್ಳುತ್ತಿರುವ ನನಗೆ ಈ ನೀಲಿ ಹರಳು ಪ್ರಯೋಗಾಲಯದ ಕಪಾಟಿನಿಂದಲೂ ಗೊತ್ತು, ಸಿಂಪರಣೆಯ ಬ್ಯಾರೆಲ್ಲಿನಿಂದಲೂ ಗೊತ್ತು. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ.

ನಮ್ಮ ತೋಟಕ್ಕೆ ಹೊಸದಾಗಿ ಬಂದ ಮೇಸ್ತ್ರಿ, ಮೈಲುತುತ್ತ ಕರಗಿಸಿದ ಬ್ಯಾರೆಲ್ಲಿಗೇ ಸುಣ್ಣದ ನೀರನ್ನು ಸುರಿಯುತ್ತಾರೆ. ‘ಎರಡೂ ಸೇರಿದರೆ ಆಯಿತಲ್ಲ’ ಎನ್ನುತ್ತಾರೆ. ಇದು ಸರಿಯೇ? ಅಷ್ಟಕ್ಕೂ ಸುಣ್ಣ ಏಕೆ ಬೇಕು?
— ಓದುಗರು, ಸುಂಟಿಕೊಪ್ಪ

ಸರಿಯಲ್ಲ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯಬೇಕು. ಅದೂ ಸಣ್ಣ ಧಾರೆಯಾಗಿ, ಇನ್ನೊಬ್ಬರು ಬಿದಿರಿನ ಕೋಲಿನಿಂದ ಕಲಕುತ್ತಲೇ ಇರುವಾಗ. ಏಕೆಂದು ತಿಳಿದರೆ ನಿಮ್ಮ ಮೇಸ್ತ್ರಿ ಮತ್ತೆಂದೂ ತಿರುಗಿಸಿ ಸುರಿಯುವುದಿಲ್ಲ.

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕರಗಿದ ನೀರು ಆಮ್ಲೀಯವಾಗಿರುತ್ತದೆ. ಅದನ್ನು ಹಾಗೆಯೇ ಗಿಡಕ್ಕೆ ಹೊಡೆದರೆ ತಾಮ್ರವೆಲ್ಲ ಒಮ್ಮೆಲೇ ಎಲೆಗೆ ಇಳಿದು ಎಳೆ ಚಿಗುರನ್ನು ಸುಟ್ಟುಬಿಡುತ್ತದೆ. ಸುಡದೆ ಉಳಿದದ್ದು ಮೊದಲ ಮಳೆಗೇ ತೊಳೆದುಹೋಗುತ್ತದೆ. ಸುಣ್ಣ ಸೇರಿದಾಗ ಆಮ್ಲ ಶಮನವಾಗುತ್ತದೆ, ತಾಮ್ರವು ನೀರಿನಲ್ಲಿ ಕರಗದ ಅತಿ ಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತದೆ. ತಿಳಿ ಆಕಾಶ ಬಣ್ಣದ ಆ ಕಣಗಳು ಎಲೆಯ ಮೇಲೆ ಒಣಗಿ ಅಂಟಿಕೊಳ್ಳುತ್ತವೆ. ಆಮೇಲೆ ಮಳೆ ಹನಿ, ಇಬ್ಬನಿ, ಮೊಳೆಯುವ ಶಿಲೀಂಧ್ರದ ಬೀಜಕಣವೇ ಹೊರಹಾಕುವ ರಸ, ಇವು ಆ ಪದರದಿಂದ ಚೂರುಚೂರೇ ತಾಮ್ರವನ್ನು ಬಿಡಿಸುತ್ತವೆ. ಬೀಜಕಣಕ್ಕೆ ಅಷ್ಟೇ ಸಾಕು. ಅದರ ಕಿಣ್ವಗಳು ಕೆಟ್ಟು ಅದು ಮೊಳೆಯುವುದಿಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಕಣ ನವಿರಾಗಿರಬೇಕು. ಮೈಲುತುತ್ತದ ಮೇಲೆ ಸುಣ್ಣ ಸುರಿದರೆ ಕಣ ಒರಟಾಗುತ್ತದೆ, ಬೇಗ ತಳ ಸೇರುತ್ತದೆ, ನಳಿಕೆಯ ತೂತು ಕಟ್ಟುತ್ತದೆ, ಎಲೆಗೆ ಅಂಟುವುದಿಲ್ಲ. ಮಾಡಿಟ್ಟ ದ್ರಾವಣವನ್ನು ಮರುದಿನಕ್ಕೆ ಉಳಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ರಾತ್ರಿ ಕಳೆಯುವಷ್ಟರಲ್ಲಿ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗಿರುತ್ತವೆ.

ಅಳತೆ ನಿಮಗೆ ಗೊತ್ತಿರುವುದೇ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ (ಈ ಮಿಶ್ರಣದ ಹೆಸರೇ ಅದು) 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಫಿಯ ಕೊಳೆರೋಗಕ್ಕೂ ಕರಿಮೆಣಸಿನ ಸೊರಗು ರೋಗಕ್ಕೂ ಇದು. ಅರೇಬಿಕಾ ಕಾಫಿಯ ಎಲೆ ತುಕ್ಕು ರೋಗಕ್ಕೆ ಅರ್ಧ ಪ್ರಮಾಣ ಸಾಕು, ಅಂದರೆ ಅದೇ ಒಂದೊಂದು ಕಿಲೋಗೆ 200 ಲೀಟರ್ ನೀರು. ಮೈಲುತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಇನ್ನರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿಕೊಳ್ಳಿ. ಒಂದು ಬಕೆಟ್ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕೊನೆಗೆ ನೀರು ಬೆರೆಸುವ ಅವಸರದ ಪದ್ಧತಿಯಲ್ಲೂ ಕಣ ಒರಟಾಗುತ್ತದೆ.

ಹರಳನ್ನು ಬ್ಯಾರೆಲ್ಲಿನ ತಳಕ್ಕೆ ಸುರಿದು ಕೋಲಾಡಿಸುತ್ತ ನಿಲ್ಲಬೇಕಾಗಿಲ್ಲ. ಹಿಂದಿನ ಸಂಜೆ ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ಮೈಲುತುತ್ತ ಕರಗಿದ ನೀರು ಭಾರ. ಅದು ತಾನಾಗಿ ಕೆಳಗಿಳಿಯುತ್ತದೆ, ಗಂಟಿನ ಸುತ್ತ ತಿಳಿನೀರು ಬರುತ್ತಲೇ ಇರುತ್ತದೆ. ಗಂಟಿನಿಂದ ನೀಲಿ ಎಳೆಗಳು ಓಲಾಡುತ್ತ ಇಳಿಯುವುದನ್ನು ಟಾರ್ಚ್ ಹಿಡಿದು ನೋಡಿ, ಕಣ್ಣಿಗೆ ಹಬ್ಬ. ಬೆಳಿಗ್ಗೆ ಬಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ.

ಸುಣ್ಣದ ವಿಷಯದಲ್ಲಿ ಮಾತ್ರ ನಮ್ಮವರು ಹೆಚ್ಚು ಎಚ್ಚರ ತಪ್ಪುತ್ತಾರೆ. ಕೊಡಗಿನ ಗಾಳಿಯಲ್ಲಿ ತೇವ ಬಹಳ. ಕಳೆದ ವರ್ಷದ ಸುಟ್ಟ ಸುಣ್ಣ ಚೀಲದಲ್ಲೇ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಸೀಮೆಸುಣ್ಣದ ಪುಡಿಯಂತಾಗಿರುತ್ತದೆ. ತೂಕಕ್ಕೆ ಒಂದು ಕಿಲೋ ಇದ್ದರೂ ಆಮ್ಲವನ್ನು ತಣಿಸುವ ಶಕ್ತಿ ಅದಕ್ಕಿರುವುದಿಲ್ಲ. ಹೊಸ ಸುಣ್ಣ ತನ್ನಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ, ಕುದಿದು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಸುಣ್ಣ ಅರಳಿಸುವಾಗ ಮುಖ ಬಗ್ಗಿಸಿ ನೋಡಬೇಡಿ. ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗುತ್ತದೆ.

ಕೊನೆಗೆ ಪರೀಕ್ಷೆ. ಇದನ್ನು ಬಿಟ್ಟು ಒಂದು ಬ್ಯಾರೆಲ್ಲನ್ನೂ ತೋಟಕ್ಕೆ ಕಳಿಸಬೇಡಿ. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಹಿಡಿಯಿರಿ. ಅಲಗು ಬಿಳಿಯಾಗಿಯೇ ಇದ್ದರೆ ಸರಿ. ಅದರ ಮೇಲೆ ಕೆಂಪು ಕಂದು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ತೇಲುತ್ತಿದೆ ಎಂದರ್ಥ. ಸೋಸಿದ ಸುಣ್ಣದ ನೀರನ್ನು ಇನ್ನಷ್ಟು ಹಾಕಿ, ಕಲಕಿ, ಅಲಗು ಉಜ್ಜಿ, ಮತ್ತೆ ಅದ್ದಿ. ನಮ್ಮ ತೋಟದಲ್ಲಿ ಈ ಕೆಲಸವನ್ನು ನಾನೇ ನಿಂತು ಮಾಡುತ್ತೇನೆ. ಕಬ್ಬಿಣದ ಬ್ಯಾರೆಲ್ಲನ್ನು ಈ ಕೆಲಸಕ್ಕೆ ಬಳಸಬಾರದೇಕೆ ಎಂಬುದಕ್ಕೂ ಅಲಗಿನ ಮೇಲಿನ ಆ ಕೆಂಪು ಲೇಪವೇ ಉತ್ತರ: ತಾಮ್ರವೆಲ್ಲ ಬ್ಯಾರೆಲ್ಲಿನ ಗೋಡೆಗೆ ಕೂತು, ಗೋಡೆ ಕರಗುತ್ತದೆ. ಪ್ಲಾಸ್ಟಿಕ್ ಬ್ಯಾರೆಲ್ ಬಳಸಿ.

ಇನ್ನೊಂದು ಮಾತು. ತಾಮ್ರದ ಪದರ ತಡೆಯುವ ಔಷಧಿ, ಬಂದ ರೋಗವನ್ನು ವಾಸಿ ಮಾಡುವುದಲ್ಲ. ಎಲೆ ತುಕ್ಕಿನ ಶಿಲೀಂಧ್ರ ಎಲೆಯ ಕೆಳಮೈಯ ಪತ್ರರಂಧ್ರಗಳ ಮೂಲಕ ಒಳಹೋಗುತ್ತದೆ; ಕಿತ್ತಳೆ ಬಣ್ಣದ ಪುಡಿ ಕಾಣಿಸುವುದೂ ಅಲ್ಲೇ. ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯದೆ, ಗಿಡದ ನೆತ್ತಿಗೆ ಮಾತ್ರ ನೀಲಿ ಬಳಿದು ಹೋದರೆ ಕೂಲಿಯೂ ದಂಡ, ತಾಮ್ರವೂ ದಂಡ.

ಈ ದ್ರಾವಣಕ್ಕೆ ಬೋರ್ಡೋ ಎಂಬ ಹೆಸರು ಹೇಗೆ ಬಂತು? ನಮ್ಮ ಕಡೆಗೆ ಇದನ್ನು ತಂದವರು ಯಾರು?
— ಓದುಗರು, ಪೊಲಿಬೆಟ್ಟ

ಫ್ರಾನ್ಸಿನ ಬೋರ್ಡೋ ದ್ರಾಕ್ಷಿಯ ಸೀಮೆ. ಅಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಬೂಜು ರೋಗದಿಂದ ತೋಟವೆಲ್ಲ ಎಲೆ ಉದುರಿಸಿ ನಿಂತಿದ್ದ 1882ರಲ್ಲಿ, ರಸ್ತೆ ಬದಿಯ ಆ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿದರು. ರಸಾಯನಶಾಸ್ತ್ರಜ್ಞ ಗೇಯೋನ್ ಅವರೊಂದಿಗೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಾಫಿಯ ಮಟ್ಟಿಗೆ ಅದು ತಡವಾಗಿತ್ತು. 1869ರಲ್ಲೇ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ಅಲ್ಲಿನ ಕಾಫಿ ಬೇಸಾಯವನ್ನೇ ಅಷ್ಟರಲ್ಲಿ ಮುಗಿಸಿತ್ತು, ಆ ನಾಡು ಚಹಾಕ್ಕೆ ತಿರುಗಿತ್ತು.

ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಬೋರ್ಡೋ ದ್ರಾವಣವನ್ನು ಪ್ರಯೋಗಿಸಿ ಬೆಳೆಗಾರರಿಗೆ ಕಲಿಸಿಕೊಟ್ಟವರು ಕೆನಡಾದಿಂದ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲೇ, 1925ರಲ್ಲಿ. ಕೊಡಗಿನವರಿಗೆ ಹತ್ತಿರದ್ದು ಚೆಟ್ಟಳ್ಳಿಯ ಉಪಕೇಂದ್ರ. ಸಿಂಪರಣೆಯ ಬಗ್ಗೆ ಸಂಶಯವಿದ್ದರೆ ಅಂಗಡಿಯವರನ್ನು ಕೇಳುವ ಬದಲು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಈ ಸಲ ತಂದ ಮೈಲುತುತ್ತ ಸ್ವಲ್ಪ ಹಸಿರು ಛಾಯೆಯದು. ಹಳೆಯ ಪೊಟ್ಟಣದ ಹರಳುಗಳ ಮೇಲೆ ಬಿಳಿ ಪುಡಿ ಇದೆ. ಎರಡೂ ಕಲಬೆರಕೆಯೇ?
— ಓದುಗರು, ಮಾದಾಪುರ

ಬಿಳಿ ಪುಡಿಗೆ ಹೆದರಬೇಡಿ. ಮೈಲುತುತ್ತದ ಹರಳಿನೊಳಗೆ ನೀರಿದೆ. ತಾಮ್ರದ ಸಲ್ಫೇಟಿನ ಒಂದು ಅಣುವಿಗೆ ನೀರಿನ ಐದು ಅಣುಗಳು. ತೂಕದಲ್ಲಿ ಹೇಳುವುದಾದರೆ ಒಂದು ಕಿಲೋ ಹರಳಿನಲ್ಲಿ ಸುಮಾರು 360 ಗ್ರಾಂ ನೀರು, ಸುಮಾರು 255 ಗ್ರಾಂ ತಾಮ್ರ. ನೀಲಿ ಬಣ್ಣ ಇರುವುದೇ ಆ ನೀರಿನಿಂದ. ಒಲೆಯ ಪಕ್ಕದಂಥ ಒಣ, ಬೆಚ್ಚನೆಯ ಜಾಗದಲ್ಲಿಟ್ಟರೆ ಮೇಲ್ಪದರ ನೀರು ಕಳೆದುಕೊಂಡು ಮಂಕಾಗಿ ಬಿಳಿಚುತ್ತದೆ. ಗುಣ ಕೆಟ್ಟಿರುವುದಿಲ್ಲ.

ಹಸಿರು ಛಾಯೆ ಮಾತ್ರ ಅನುಮಾನಕ್ಕೆ ಕಾರಣ. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಅಗ್ಗದ ಹಸಿರು ಹರಳು. ಬೆರೆಸಿದರೆ ಬಣ್ಣ ಹಾಗೆ ತಿರುಗುತ್ತದೆ. ಒಂದು ಚಿಟಿಕೆ ಹರಳನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ, ಅದಕ್ಕೆ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತ ಹೋಗಿ. ಮೊದಲು ತಿಳಿನೀಲಿ ಗಸಿ ಕಾಣುತ್ತದೆ. ಇನ್ನಷ್ಟು ಹಾಕಿದಾಗ ಆ ಗಸಿ ಕರಗಿ, ಶಾಯಿಯಷ್ಟು ಗಾಢವಾದ, ಆದರೆ ಪೂರ್ತಿ ತಿಳಿಯಾದ ನೀಲಿ ಬರಬೇಕು. ಕಬ್ಬಿಣ ಇದ್ದರೆ ಹಸಿರು ಕೆಸರಿನಂಥ, ಆಮೇಲೆ ಕಂದಾಗುವ ಗಸಿ ತಳದಲ್ಲಿ ಉಳಿದೇಬಿಡುತ್ತದೆ. ಇದನ್ನು ಬಯಲಿನಲ್ಲಿ, ಗಾಳಿಯಾಡುವಲ್ಲಿ ಮಾಡಿ. ಅಮೋನಿಯಾದ ಘಾಟು ಉಸಿರು ಕಟ್ಟಿಸುತ್ತದೆ. ಗಸಿ ಉಳಿದರೆ ಚೀಲವನ್ನು ರಸೀದಿ ಸಮೇತ ವಾಪಸು ಕೊಡಿ.

ನಾನು ಹತ್ತನೇ ತರಗತಿ. ಮೊಳೆಯನ್ನು ಮೈಲುತುತ್ತದ ದ್ರಾವಣದಲ್ಲಿ ಹಾಕಿದಾಗ ನೀಲಿ ಬಣ್ಣ ಎಲ್ಲಿಗೆ ಹೋಗುತ್ತದೆ?
— ವಿದ್ಯಾರ್ಥಿನಿ, ವಿರಾಜಪೇಟೆ

ಮೊಳೆಯ ಮೇಲೆಯೇ ಇದೆ, ಮಗು. ಬಣ್ಣ ಬದಲಿಸಿಕೊಂಡು ಕೂತಿದೆ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ. ಅದು ತನ್ನ ಎಲೆಕ್ಟ್ರಾನುಗಳನ್ನು ನೀರಿನಲ್ಲಿರುವ ತಾಮ್ರದ ಅಯಾನಿಗೆ ಕೊಟ್ಟು ತಾನು ನೀರಿಗಿಳಿಯುತ್ತದೆ, ತಾಮ್ರ ಲೋಹವಾಗಿ ಮೊಳೆಗೆ ಕೂರುತ್ತದೆ. ಕಬ್ಬಿಣದ ಅಯಾನು ತಿಳಿ ಹಸಿರು, ಅದಕ್ಕೇ ನೀರು ಹಸಿರಾಗುತ್ತದೆ. ಮೇಲಿನ ಪತ್ರದ ಕತ್ತಿಯ ಪರೀಕ್ಷೆಯೂ ಇದೇ ಪ್ರಯೋಗ. ನಿಮ್ಮ ತೋಟದಲ್ಲಿ ಸಿಂಪರಣೆ ನಡೆಯುವ ದಿನ ದೂರ ನಿಂತು ನೋಡು, ಪರೀಕ್ಷೆಯಲ್ಲಿ ಮರೆಯುವುದಿಲ್ಲ.

ಸಿಂಪರಣೆ ಮುಗಿದ ಮೇಲೆ ಪಂಪು, ಬ್ಯಾರೆಲ್ಲುಗಳನ್ನು ನಮ್ಮ ಮೇಲಿನ ತೋಟದವರು ತೋಡಿನಲ್ಲಿ ತೊಳೆಯುತ್ತಾರೆ. ಮರುದಿನ ಕೆಳಗೆ ಸಣ್ಣ ಮೀನುಗಳು ಸತ್ತು ತೇಲುತ್ತಿದ್ದವು. ‘ಬೋರ್ಡೋ ಸಾವಯವಕ್ಕೂ ನಡೆಯುತ್ತದೆ, ಅದರಿಂದ ಸಾಯುವುದಿಲ್ಲ’ ಎನ್ನುತ್ತಾರೆ. ಯಾರ ಮಾತು ನಿಜ?
— ಓದುಗರು, ನಾಪೋಕ್ಲು

ಈ ಪತ್ರವನ್ನು ಓದಿ ನನಗೆ ತುಂಬ ನೋವಾಯಿತು. ಮೀನು ಸತ್ತದ್ದು ಏತರಿಂದ ಎಂದು ನೀರನ್ನು ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು, ಆದರೆ ತಾಮ್ರದಿಂದ ಸಾಯುವುದಿಲ್ಲ ಎಂಬ ಮಾತು ಪೂರಾ ತಪ್ಪು. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ತಾಮ್ರವೂ ಅನೇಕ ಜಾತಿಯ ಮೀನುಗಳನ್ನು ಕೊಲ್ಲಬಲ್ಲದು. ಮೀನು ನೀರಿನಿಂದ ಸೋಡಿಯಂ ಹೀರಿಕೊಳ್ಳುವುದು ಕಿವಿರುಗಳ ಮೂಲಕ. ತಾಮ್ರ ಆ ದಾರಿಯನ್ನೇ ಮುಚ್ಚಿಬಿಡುತ್ತದೆ, ಮೈಯ ಉಪ್ಪು ಸೋರಿಹೋಗಿ ಮೀನು ಸಾಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸ್ವಲ್ಪ ರಕ್ಷಣೆ ಕೊಡುತ್ತದೆ. ನಮ್ಮ ಘಟ್ಟದ ತೋಡುಗಳ ನೀರು ಮೆದು, ಆ ರಕ್ಷಣೆಯೂ ಇಲ್ಲ.

ಲೆಕ್ಕ ಹಾಕಿ ನೋಡಿ. ಬ್ಯಾರೆಲ್ಲಿನ ಮೂಲೆಯಲ್ಲಿ ಕರಗದೆ ಉಳಿದ 10 ಗ್ರಾಂ ಮೈಲುತುತ್ತದಲ್ಲಿ ಎರಡೂವರೆ ಗ್ರಾಂ ತಾಮ್ರ. ಅದು ಎರಡೂವರೆ ಸಾವಿರ ಲೀಟರ್ ನೀರನ್ನು ಲೀಟರಿಗೆ ಒಂದು ಮಿಲಿಗ್ರಾಂ ಮಟ್ಟಕ್ಕೆ ತರುತ್ತದೆ. ಮೇ ತಿಂಗಳಲ್ಲಿ ತೋಡಿನಲ್ಲಿ ಹರಿಯುವುದೇ ಒಂದು ಗೇಣು ನೀರು. ನಾಪೋಕ್ಲಿನ ತೋಡು ಹೋಗಿ ಸೇರುವುದು ಕಾವೇರಿಯನ್ನು, ಮಾಹಶೀರ್ ಮೀನು ಅಳಿವಿನ ಅಂಚಿಗೆ ಬಂದು ನಿಂತಿರುವ ಹೊಳೆಯನ್ನು. ಗದ್ದೆಯ ಏಡಿಗಳಿಗೂ ಇದೇ ಗತಿ.

ಸಾವಯವದ ಮಾತು ಅರ್ಧ ಸತ್ಯ. ಸಾವಯವ ಬೇಸಾಯದಲ್ಲಿ ತಾಮ್ರಕ್ಕೆ ಮಿತಿಯೊಳಗೆ ಅವಕಾಶವಿದೆ, ಅದು ನಿರಪಾಯವೆಂದಲ್ಲ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಬಾರದೆಂದು ಕಟ್ಟು ಹಾಕಿದೆ. ಬೇರೆ ಎಷ್ಟೋ ಔಷಧಿಗಳು ಕಾಲಕ್ರಮದಲ್ಲಿ ಮಣ್ಣಿನಲ್ಲಿ ಒಡೆದು ಹೋಗುತ್ತವೆ. ತಾಮ್ರ ಒಂದು ಧಾತು, ಅದು ಒಡೆಯುವಂಥದ್ದಲ್ಲ. ಎಲೆಗೊಬ್ಬರದ ಮೇಲ್ಮಣ್ಣಿಗೆ ಅಂಟಿಕೊಂಡು ವರ್ಷ ವರ್ಷ ಸೇರುತ್ತಲೇ ಹೋಗುತ್ತದೆ, ಎರೆಹುಳುಗಳನ್ನು ಬಾಧಿಸುತ್ತದೆ. ಮಣ್ಣು ಹುಳಿಯಾದಷ್ಟೂ ಅದರ ಕಾಟ ಹೆಚ್ಚು. ಬೇಡದ ಸಿಂಪರಣೆ ಬೇಡವೇ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ರೊಬಸ್ಟಾಕ್ಕೆ ಎಲೆ ತುಕ್ಕಿನ ಬಾಧೆ ಅಷ್ಟಿಲ್ಲ. ಅರೇಬಿಕಾಕ್ಕೆ ಹೊಡೆಯುತ್ತಿದ್ದೇವೆ ಎಂಬ ಒಂದೇ ಕಾರಣಕ್ಕೆ ಅದಕ್ಕೂ ಹೊಡೆಯಬೇಡಿ.

ತೊಳೆಯುವ ಕ್ರಮ ಕಷ್ಟದ್ದಲ್ಲ. ಬ್ಯಾರೆಲ್ ತೊಳೆದ ಮೊದಲ ನೀರನ್ನು ಮುಂದಿನ ಬ್ಯಾರೆಲ್ಲಿಗೇ ಸೇರಿಸಿ. ದಿನದ ಕೊನೆಯ ತೊಳೆನೀರಿಗೆ ಒಂದು ಹಿಡಿ ಸುಣ್ಣ ಹಾಕಿ, ತೋಡು, ಬಾವಿ, ಕೆರೆಗಳಿಂದ ದೂರದ ತೋಟದ ನೆಲದ ಮೇಲೆ ಹರಡಿ ಚೆಲ್ಲಿ. ಒಂದೇ ಕಡೆ ಸುರಿಯಬೇಡಿ. ಮೇಲಿನ ತೋಟದವರಿಗೆ ಈ ಪುಟವನ್ನು ತೋರಿಸಿ. ಜಗಳಕ್ಕಿಂತ ಲೆಕ್ಕ ಮನಸ್ಸಿಗೆ ಇಳಿಯುತ್ತದೆ ಎಂದು ನಂಬಿದ್ದೇನೆ.

ತೋಟದ ಕಾರ್ಮಿಕರ ಲೈನ್ ಮನೆಯ ಮಗುವೊಂದು ಕಲ್ಲುಸಕ್ಕರೆ ಎಂದುಕೊಂಡು ಮೈಲುತುತ್ತವನ್ನು ಬಾಯಿಗೆ ಹಾಕಿಕೊಂಡಿತ್ತು. ಹಿರಿಯರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಮಗು ಈಗ ಚೆನ್ನಾಗಿದೆ. ಹೀಗೆ ಮಾಡಿದ್ದು ಸರಿಯೇ?
— ಓದುಗರು, ಸಿದ್ದಾಪುರ

ಮಗು ಉಳಿದದ್ದು ದೊಡ್ಡ ಸಮಾಧಾನ. ಆದರೆ ಉಪ್ಪುನೀರು ಕುಡಿಸಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಮೈಲುತುತ್ತ ತಾನೇ ವಾಂತಿ ಬರಿಸುತ್ತದೆ. ಹಿಂದಿನ ಕಾಲದ ವೈದ್ಯರು ಅದಕ್ಕಾಗಿಯೇ ಅದನ್ನು ಕೊಡುತ್ತಿದ್ದರು, ಅಪಾಯ ತಿಳಿದ ಮೇಲೆ ಬಿಟ್ಟರು. ಗಂಟಲನ್ನು ಸುಡುವ ವಸ್ತು ಎರಡನೇ ಸಲ ಮೇಲೆ ಬಂದಾಗ ಮತ್ತೆ ಸುಡುತ್ತದೆ, ಉಸಿರಿನ ನಾಳಕ್ಕೂ ಹೋಗಬಹುದು. ಉಪ್ಪುನೀರು ಹೆಚ್ಚಾದರೆ ಅದೇ ಮಗುವಿಗೆ ವಿಷ.

ಮಾಡಬೇಕಾದದ್ದು: ಬಾಯಿಯಲ್ಲಿ ಉಳಿದ ಹರಳನ್ನು ತೆಗೆದು ನೀರಿನಿಂದ ತೊಳೆಸಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಆ ಹೊತ್ತಿಗೆ ಚೆನ್ನಾಗಿಯೇ ಕಂಡರೂ ಹೋಗಲೇಬೇಕು. ರಕ್ತಕಣಗಳು ಒಡೆಯುವುದು, ಯಕೃತ್ತು ಮತ್ತು ಮೂತ್ರಪಿಂಡ ಸೋಲುವುದು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ಈ ಮಗುವನ್ನೂ ಒಮ್ಮೆ ವೈದ್ಯರಿಗೆ ತೋರಿಸಿಬಿಡಿ. ಕಣ್ಣಿಗೆ ಹಾರಿದರೆ ಕಾಲು ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆದು ಆಮೇಲೆ ಹೊರಡಿ.

ತೋಟದ ಮಾಲೀಕರಲ್ಲಿ ಕೈಮುಗಿದು ಕೇಳುತ್ತೇನೆ: ಹರಳನ್ನು ಬೀಗ ಹಾಕಿದ ಕೋಣೆಯಲ್ಲಿಡಿ, ಕುಡಿಯುವ ನೀರಿನ ಬಾಟಲಿಗೆ ದ್ರಾವಣ ತುಂಬಲು ಬಿಡಬೇಡಿ, ಸಿಂಪಡಿಸುವವರಿಗೆ ಕೈಗವಸು, ಕನ್ನಡಕ ಕೊಡಿ. ಆ ಹರಳು ನೋಡಲು ಎಷ್ಟು ಚೆಂದವೆಂದರೆ ಯಾವ ಮಗುವಾದರೂ ಕೈಗೆತ್ತಿಕೊಳ್ಳುತ್ತದೆ.

ಗೋಣಿಕೊಪ್ಪದ ರಕ್ತದಾನ ಶಿಬಿರದಲ್ಲಿ ನನ್ನ ಬೆರಳಿನ ರಕ್ತವನ್ನು ನೀಲಿ ನೀರಿಗೆ ಬಿಟ್ಟು ನೋಡಿದರು. ಅದು ಮೈಲುತುತ್ತವಂತೆ, ನಿಜವೇ?
— ಓದುಗರು, ಗೋಣಿಕೊಪ್ಪ

ನಿಜ. ಸಾಪೇಕ್ಷ ಸಾಂದ್ರತೆ 1.053 ಇರುವಂತೆ ಮಾಡಿದ ಮೈಲುತುತ್ತದ ದ್ರಾವಣ ಅದು. ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚಿದ್ದಷ್ಟೂ ರಕ್ತ ಭಾರ. ನೂರು ಮಿಲಿ ಲೀಟರಿಗೆ 12.5 ಗ್ರಾಂ ಅಥವಾ ಹೆಚ್ಚು ಇದ್ದರೆ ಹನಿ ಮುಳುಗುತ್ತದೆ, ದಾನ ಮಾಡಬಹುದು. ಕಡಿಮೆ ಇದ್ದರೆ ತೇಲಿ ನಿಲ್ಲುತ್ತದೆ ಅಥವಾ ಮೇಲಕ್ಕೆ ಬರುತ್ತದೆ. ಬೇರೆ ಯಾವುದಾದರೂ ಲವಣ ಏಕಾಗದು ಎಂದರೆ, ರಕ್ತದ ಪ್ರೋಟೀನು ತಾಮ್ರವನ್ನು ಮುಟ್ಟಿದ ಕ್ಷಣವೇ ಹನಿಯ ಸುತ್ತ ತೆಳು ಪೊರೆ ಕಟ್ಟುತ್ತದೆ. ಆ ಪೊರೆಯೊಳಗೆ ಹನಿ ಸುಮಾರು ಹದಿನೈದು ಸೆಕೆಂಡು ಚದುರದೆ, ತೂಕ ಬದಲಾಗದೆ ಉಳಿಯುತ್ತದೆ. ಆ ಹದಿನೈದು ಸೆಕೆಂಡಿನಲ್ಲೇ ತೀರ್ಮಾನ.

ಕಾಚಂಪುಳಿಯನ್ನು (ನಮ್ಮ ಅಡುಗೆಯ ಗಟ್ಟಿ ಹುಳಿ) ಅಜ್ಜಿಯ ಕಾಲದ ತಾಮ್ರದ ಚೊಂಬಿನಲ್ಲಿಟ್ಟಿದ್ದೆ. ಅಂಚಿನಲ್ಲಿ ನೀಲಿ ಹಸಿರು ಬಂದಿದೆ. ಅದು ಮೈಲುತುತ್ತವೇ?
— ಓದುಗರು, ಚೇರಂಬಾಣೆ

ಅಲ್ಲ. ಮೈಲುತುತ್ತ ಗಂಧಕಾಮ್ಲದ ಲವಣ, ಆ ಆಮ್ಲದ ಸಂಬಂಧ ಇಲ್ಲಿಲ್ಲ. ಹುಳಿಯ ಆಮ್ಲಗಳು ತಾಮ್ರವನ್ನು ಕರಗಿಸಿ ಆದ ಬೇರೆ ಲವಣಗಳು, ನಾವು ಕಿಲುಬು ಎನ್ನುವುದು. ಹೆಸರು ಬೇರೆಯಾದರೂ ಒಳಗಿರುವುದು ಅದೇ ತಾಮ್ರ. ಆ ಕಾಚಂಪುಳಿಯನ್ನು ಪಂದಿ ಕರಿಗೆ ಹಾಕಬೇಡಿ, ಚೆಲ್ಲಿಬಿಡಿ. ಎಷ್ಟು ಕಷ್ಟಪಟ್ಟು ಕಾಯಿಸಿ ಇಳಿಸಿದ್ದೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಗಾಜಿನ ಬಾಟಲಿ ಅಥವಾ ಜಾಡಿ ಅದಕ್ಕೆ ಸರಿ.

ಹಸುವಿನ ಗೊರಸು ಕೊಳೆತಿದೆ. ಮೈಲುತುತ್ತದ ನೀರಿನಲ್ಲಿ ನಿಲ್ಲಿಸಬಹುದೇ? ಬೇಲಿಯ ಗೂಟಗಳನ್ನೂ ಅದರಲ್ಲೇ ಅದ್ದಿ ನೆಟ್ಟರೆ ಗೆದ್ದಲು ಹಿಡಿಯುವುದಿಲ್ಲವೇ?
— ಓದುಗರು, ಶ್ರೀಮಂಗಲ

ಗೊರಸಿಗೆ ಶೇಕಡಾ 5ರ ದ್ರಾವಣದಲ್ಲಿ ಕಾಲು ಅದ್ದಿಸುವ ಪದ್ಧತಿ ಇದೆ. ಮೊದಲು ಸಗಣಿ, ಕೆಸರು ತೊಳೆಯಿರಿ. ಸಗಣಿ ಬೆರೆತರೆ ತಾಮ್ರ ಅದಕ್ಕೇ ಅಂಟಿ ವ್ಯರ್ಥ. ಹಸು ಆ ನೀರನ್ನು ಕುಡಿಯದಂತೆ ಪಕ್ಕದಲ್ಲೇ ನಿಲ್ಲಿ. ಕುರಿ ಸಾಕಿದ್ದರೆ ಇನ್ನೂ ಎಚ್ಚರ, ತಾಮ್ರದ ವಿಷ ಕುರಿಗಳಿಗೆ ಬಹುಬೇಗ ಏರುತ್ತದೆ. ಹುಣ್ಣು ಆಳವಾಗಿದ್ದರೆ ಅಥವಾ ಬಾಯಲ್ಲೂ ಗುಳ್ಳೆಗಳಿದ್ದರೆ ಅದು ಕಾಲುಬಾಯಿ ರೋಗವಿರಬಹುದು, ಪಶುವೈದ್ಯರನ್ನು ಕರೆಸಿ.

ಗೂಟದ ವಿಷಯ: ತಾಮ್ರ ಮರವನ್ನು ಶಿಲೀಂಧ್ರದಿಂದ ಕಾಯುತ್ತದೆ, ಆದರೆ ಬರೀ ಮೈಲುತುತ್ತದಲ್ಲಿ ಅದ್ದಿದರೆ ನಮ್ಮ ಮಳೆಗೆ ಅದು ತೊಳೆದುಹೋಗುತ್ತದೆ. ಅದನ್ನು ಮರದಲ್ಲೇ ಕಟ್ಟಿ ನಿಲ್ಲಿಸುವ ಉಪಾಯವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶನ್. ಮೈಲುತುತ್ತದ ಜೊತೆಗೆ ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳನ್ನು ಸೇರಿಸಿದರು, ಜಗತ್ತೆಲ್ಲ ಅದನ್ನು ಬಳಸಿತು. ಆರ್ಸೆನಿಕ್ ಇರುವುದರಿಂದ ಅದನ್ನು ಮನೆಯಲ್ಲಿ ಕಲಸಲು ಯಾರೂ ಹೋಗಬಾರದು. ಸಂಸ್ಕರಿಸಿದ ಗೂಟವನ್ನೇ ಕೊಳ್ಳಿ, ಅದಕ್ಕೆ ಸಾದಾ ಕಬ್ಬಿಣದ ಮೊಳೆ ಹೊಡೆಯದೆ ಸತು ಲೇಪಿಸಿದ್ದನ್ನು ಹೊಡೆಯಿರಿ, ಕಡಿದುಳಿದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ.